ನಳಿಕೆಯ ಊಟಕ್ಕೂ ಜೊತೆ ಬೇಕು

ಅಮೃತಹಳ್ಳಿಯ ನಿಮ್ಮ ನೆರೆಮನೆಯ ಅಜ್ಜ ಪಾರ್ಶ್ವವಾಯುವಿನಿಂದ ನುಂಗಲಾರದೆ, ಮೂಗಿನಲ್ಲಿ ನಳಿಕೆಯೊಂದಿಗೆ ಆಸ್ಪತ್ರೆಯಿಂದ ಮರಳಿದ್ದಾರೆ ಎಂದುಕೊಳ್ಳಿ. ನೋಡಲು ಹೋಗುವಿರೋ, ಹಿಂಜರಿಯುವಿರೋ?

ಈ ನಳಿಕೆ ಮೂಗಿನಿಂದ ಜಠರಕ್ಕೆ ಇಳಿದಿರುತ್ತದೆ. ಇಂಗ್ಲೆಂಡಿನ ವೈದ್ಯ ಜಾನ್ ರೈಲ್ ಅವರ ಹೆಸರಿನಿಂದ ಇದನ್ನು ‘ರೈಲ್ಸ್ ಟ್ಯೂಬ್’ ಎನ್ನುತ್ತಾರೆ. ಬಹುಕಾಲ ಬೇಕಾದವರಿಗೆ ಹೊಟ್ಟೆಯ ಮೇಲಿನ ಸಣ್ಣ ರಂಧ್ರದ ಮೂಲಕ ನಳಿಕೆ ಕೂರಿಸುವ ‘ಪೆಗ್’ ವಿಧಾನ 1980ರಲ್ಲಿ ವೈದ್ಯಲೋಕಕ್ಕೆ ಪರಿಚಯವಾಯಿತು.

ಉಣಿಸುವ ಕೆಲಸ ಆಸ್ಪತ್ರೆಯಲ್ಲಿ ಕಲಿತು ಬಂದವರದು. ನಳಿಕೆ ಸರಿಯಾದ ಜಾಗದಲ್ಲಿದೆಯೇ ಎಂದು ಅವರು ಮೊದಲು ನೋಡುತ್ತಾರೆ. ತಲೆಯ ಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಿ, ಸೋಸಿದ ದ್ರವಾಹಾರವನ್ನು ನಿಧಾನವಾಗಿ ಕೊಡುತ್ತಾರೆ. ಮೊದಲೂ ಆಮೇಲೂ ನೀರು ಹಾಯಿಸದಿದ್ದರೆ ನಳಿಕೆ ಕಟ್ಟಿಕೊಳ್ಳುತ್ತದೆ. ಉಂಡ ಕೂಡಲೇ ಮಲಗಿಸಿದರೆ ಆಹಾರ ಶ್ವಾಸಕೋಶಕ್ಕೆ ನುಗ್ಗೀತು. ಕೆಮ್ಮು, ಉಬ್ಬಸ ಬಂದರೆ ಉಣಿಸುವುದನ್ನು ನಿಲ್ಲಿಸಬೇಕು. ನಳಿಕೆ ಕಳಚಿದರೆ ಮನೆಯಲ್ಲೇ ತೂರಿಸದೆ ವೈದ್ಯರಿಗೆ ತಿಳಿಸಬೇಕು.

ವಾಸಿಯಾಗದ ಹಂತದ ಕ್ಯಾನ್ಸರ್ ರೋಗಿಗಳ ಮನೆಗೇ ಹೋಗಿ ಉಚಿತ ಆರೈಕೆ ನೀಡುವ ಕರುಣಾಶ್ರಯದಂಥ ಸಂಸ್ಥೆ ಬೆಂಗಳೂರಿನಲ್ಲಿದೆ. ಆದರೆ ದಿನವಿಡೀ ಜೊತೆಗಿರುವವರು ಮನೆಯವರೇ.

ಆದ್ದರಿಂದ ಹೋಗಿ. ಊಟದ ಹೊತ್ತಿಗೆ ಅಜ್ಜನ ಪಕ್ಕ ಕುಳಿತು ಪತ್ರಿಕೆ ಓದಿ ಹೇಳಿ. ಅಜ್ಜಿಗೆ ಅರ್ಧ ಗಂಟೆ ಬಿಡುವಾದೀತು. ಪ್ರೀತಿಯಿಂದಲೂ ಅವರ ಬಾಯಿಗೆ ತಿಂಡಿ ಮಾತ್ರ ಇಡಬೇಡಿ. ಮಾತು ಎಷ್ಟಾದರೂ ಬಡಿಸಬಹುದು.