ದಂಡಕಾರಣ್ಯದ ತಂಗಿ

ಸಿರವಾರದ ಸೀಮೆಯಲ್ಲಿ ಬಯಲಾಟ ನೋಡುತ್ತ ಬೆಳೆದ ನನಗೆ ಶೂರ್ಪನಖಿ ಬಹುಕಾಲ ನಗೆಯ ಪಾತ್ರವೇ ಆಗಿದ್ದಳು. ಲಕ್ಷ್ಮಣ ಮೂಗು ಕೊಯ್ದೊಡನೆ ಹುಡುಗರೆಲ್ಲ ಕೇಕೆ ಹಾಕುತ್ತಿದ್ದೆವು. ಲಂಕೆಯ ಅರಸನ ತಂಗಿ ಕಾಡಿನಲ್ಲಿ ಒಂಟಿಯಾಗಿ ಏಕೆ ಅಲೆಯುತ್ತಿದ್ದಳೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಅದಕ್ಕೆ ಉತ್ತರ ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿದೆ. ಕಾಲಕೇಯರೊಡನೆ ಕಾದುವಾಗ ರಾವಣ ಅವಳ ಗಂಡ ವಿದ್ಯುಜ್ಜಿಹ್ವನನ್ನೂ ಕೊಂದುಬಿಡುತ್ತಾನೆ. ತಂಗಿ ಅತ್ತು ಹಳಿದಾಗ, ಯುದ್ಧದ ಮದದಲ್ಲಿ ತನ್ನವರಾರೆಂದು ತಿಳಿಯಲಿಲ್ಲವೆಂದು ಸಮಾಧಾನ ಹೇಳಿ, ಖರನನ್ನೂ 14,000 ರಾಕ್ಷಸರನ್ನೂ ಜೊತೆಮಾಡಿ ಅವಳನ್ನು ದಂಡಕಾರಣ್ಯಕ್ಕೆ ಕಳುಹಿಸುತ್ತಾನೆ.

ಜೈನ ಕವಿಗಳು ಅವಳಿಗೆ ಬೇರೊಂದು ದುಃಖವನ್ನು ಕೊಟ್ಟರು. ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’ದಲ್ಲಿ ಅವಳು ಚಂದ್ರನಖಿ, ಖರನ ಹೆಂಡತಿ. ಮಗ ಶಂಬೂಕ ಸೂರ್ಯಹಾಸ ಖಡ್ಗಕ್ಕಾಗಿ ಬಿದಿರುಮೆಳೆಯಲ್ಲಿ ತಪಸ್ಸಿಗೆ ಕುಳಿತಿದ್ದಾನೆ. ಖಡ್ಗದ ಹರಿತ ನೋಡಲು ಲಕ್ಷ್ಮಣ ಬಿದಿರು ಕಡಿದಾಗ ಅವನ ತಲೆಯೂ ಉರುಳುತ್ತದೆ. ಕನ್ನಡದ ನಾಗಚಂದ್ರ ‘ರಾಮಚಂದ್ರಚರಿತಪುರಾಣ’ದಲ್ಲಿ ಹಿಡಿದದ್ದು ಇದೇ ಪರಂಪರೆಯನ್ನು. ಮಗನಿಗಾಗಿ ಗೋಳಾಡಿದ ತಾಯಿ ಆ ಅಣ್ಣತಮ್ಮಂದಿರನ್ನು ಕಂಡು ಮೋಹಗೊಳ್ಳುವುದು ನಮಗೆ ಒಪ್ಪಿಗೆಯಾಗದಿರಬಹುದು. ನೊಂದವಳೆಂಬ ಕಾರಣಕ್ಕೆ ಅವಳನ್ನು ಸಾಧ್ವಿಯಾಗಿಸದ ಧೈರ್ಯವನ್ನು ನಾನಂತೂ ಮೆಚ್ಚುತ್ತೇನೆ.

ಗಂಡನ ಸಾವಿನ ಸೇಡಿಗಾಗಿಯೇ ಅವಳು ಅಣ್ಣನನ್ನು ಸೀತೆಯತ್ತ ತಳ್ಳಿದಳೆಂದು ಈಚಿನ ಕೆಲವು ಲೇಖಕರು ಅರ್ಥೈಸುತ್ತಾರೆ. ವಾಲ್ಮೀಕಿ ಹಾಗೆಂದು ಹೇಳುವುದಿಲ್ಲ. ಅರಣ್ಯಕಾಂಡದಲ್ಲಿ ಅವಳು ರಾವಣನನ್ನು ತುಂಬಿದ ಸಭೆಯಲ್ಲಿ ನಿಂತು ಬೈಯುತ್ತಾಳೆ: ಭೋಗದಲ್ಲಿ ಮುಳುಗಿದ್ದೀಯೆ, ಜನಸ್ಥಾನದಲ್ಲಿ ನಿನ್ನವರು ಸತ್ತದ್ದೂ ನಿನಗೆ ಗೊತ್ತಿಲ್ಲ ಎಂದು. ಒಳಸಂಚು ಹೂಡುವವರು ಹೀಗೆ ಬೈಯುವರೇ? ಗಂಡನನ್ನು ಕೊಂದವನ ಬಳಿಗೇ ಮೊರೆಯಿಡಲು ಬಂದ ತಂಗಿ ಅವಳು. ಬೇರೆ ಮನೆಬಾಗಿಲು ಅವಳಿಗೆ ಉಳಿದಿರಲಿಲ್ಲ.