ಬೆಟ್ಟಾ ಮೀನಿನ ಪಾಲನೆ: ಹೊಸಬರಿಗೆ ಕೆಲವು ಸೂಚನೆಗಳು

ಪೇಟೆಯ ಅಂಗಡಿಗಳಲ್ಲಿ ಸಣ್ಣ ಬಾಟಲಿಯೊಳಗೆ ಒಂಟಿಯಾಗಿಟ್ಟು ಮಾರುವ, ಉದ್ದನೆಯ ರೆಕ್ಕೆಗಳುಳ್ಳ ಬಣ್ಣದ ಮೀನನ್ನು ಅನೇಕರು ನೋಡಿರುತ್ತಾರೆ. ಇದೇ ಬೆಟ್ಟಾ ಅಥವಾ ಫೈಟರ್ ಮೀನು. ಮಕ್ಕಳ ಆಸೆಗಾಗಿ ತಂದ ಈ ಮೀನು ಎಷ್ಟೋ ಮನೆಗಳಲ್ಲಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಸರಿಯಾಗಿ ಸಾಕಿದರೆ ಇದು 2ರಿಂದ 4 ವರ್ಷ ಬದುಕಬಲ್ಲದು. ಹೊಸಬರು ಮೊದಲು ಗಮನ ಕೊಡಬೇಕಾದದ್ದು ನೀರಿಗೆ.

ಮೂಲ ನೆಲೆ

ಬೆಟ್ಟಾ ಥಾಯ್ಲೆಂಡಿನ ಮೀನು. ಅಲ್ಲಿನ ಭತ್ತದ ಗದ್ದೆ, ಕಾಲುವೆ ಹಾಗೂ ಜೌಗು ನೆಲಗಳು ಇದರ ಸಹಜ ನೆಲೆ. 1910ರಲ್ಲಿ ಇದಕ್ಕೆ ಬೆಟ್ಟಾ ಸ್ಪ್ಲೆಂಡೆನ್ಸ್ ಎಂಬ ಶಾಸ್ತ್ರೀಯ ಹೆಸರನ್ನು ಕೊಡಲಾಯಿತು. 2019ರಲ್ಲಿ ಥಾಯ್ಲೆಂಡ್ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು.

ನಮ್ಮ ಕೆರೆಗಳ ಕೊರವ ಮೀನಿನಂತೆ ಇದೂ ನೀರಿನ ಮೇಲೆ ಬಂದು ಗಾಳಿಯನ್ನು ನೇರವಾಗಿ ಉಸಿರಾಡುತ್ತದೆ. ಕಿವಿರುಗಳ ಮೇಲ್ಭಾಗದಲ್ಲಿ ಮಡಿಕೆಗಳುಳ್ಳ ವಿಶೇಷ ಅಂಗವಿರುವುದೇ ಇದಕ್ಕೆ ಕಾರಣ. ಆದುದರಿಂದ ಆಮ್ಲಜನಕ ಕಡಿಮೆ ಇರುವ ಬಾಟಲಿಯಲ್ಲಿಯೂ ಇದು ಕೂಡಲೇ ಸಾಯುವುದಿಲ್ಲ. ಇದನ್ನು ಕಂಡು ಬಾಟಲಿಯೇ ಸಾಕೆಂದು ತಿಳಿಯುವುದು ತಪ್ಪು.

ನೀರು ಕೆಡುವ ಬಗೆ

ಮೀನಿನ ಮಲ ಮತ್ತು ಉಳಿದ ಆಹಾರ ಕೊಳೆತು ಅಮೋನಿಯಾ ಉಂಟಾಗುತ್ತದೆ. ಮೀನಿನ ಕಿವಿರುಗಳಿಂದಲೂ ಅದು ಹೊರಬರುತ್ತದೆ. ಹೊಲಕ್ಕೆ ಯೂರಿಯಾ ಹಾಕಿದಾಗ ಮಣ್ಣಿನ ಅಣುಜೀವಿಗಳು ಅಮೋನಿಯಾವನ್ನು ಮೊದಲು ನೈಟ್ರೈಟ್, ನಂತರ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ತೊಟ್ಟಿಯಲ್ಲಿಯೂ ಇದೇ ಕ್ರಿಯೆ ನಡೆಯಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ. ನೈಟ್ರೇಟ್ ಅಷ್ಟು ಹಾನಿಕರವಲ್ಲ, ಅದನ್ನು ಜಲಸಸ್ಯಗಳು ಬಳಸಿಕೊಳ್ಳುತ್ತವೆ. ಹೊಸ ತೊಟ್ಟಿಯಲ್ಲಿ ಈ ಅಣುಜೀವಿಗಳು ನೆಲೆಗೊಳ್ಳಲು ಸುಮಾರು 4ರಿಂದ 6 ವಾರಗಳು ಬೇಕು. ಈ ಅವಧಿಯೇ ಮೀನಿಗೆ ಗಂಡಾಂತರದ ಕಾಲ.

ತೊಟ್ಟಿ ಮತ್ತು ನೀರು

ಒಂದು ಮೀನಿಗೆ ಸುಮಾರು 20 ಲೀಟರಿನ ಗಾಜಿನ ತೊಟ್ಟಿ ಉತ್ತಮ. ಸ್ಪಂಜಿನ ಫಿಲ್ಟರ್ ಅಳವಡಿಸಿ, ಹೈಡ್ರಿಲ್ಲಾದಂತಹ ಸಸ್ಯಗಳನ್ನು ಇಡಬೇಕು. ನಲ್ಲಿಯ ನೀರಾದರೆ ಅಂಗಡಿಯಲ್ಲಿ ದೊರೆಯುವ ಕ್ಲೋರಿನ್ ನಿವಾರಕವನ್ನು ಬೆರೆಸಿ ಬಳಸಬೇಕು. ಮೊದಲ ತಿಂಗಳು 2-3 ದಿನಗಳಿಗೊಮ್ಮೆ ಮೂರನೇ ಒಂದು ಭಾಗ ನೀರನ್ನು, ನಂತರ ವಾರಕ್ಕೊಮ್ಮೆ ಕಾಲು ಭಾಗವನ್ನು ಬದಲಿಸಬೇಕು. ಪೂರ್ತಿ ನೀರನ್ನು ಒಮ್ಮೆಲೇ ಚೆಲ್ಲಬಾರದು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿ ತೊಳೆಯಬೇಕು. ನಲ್ಲಿಯ ನೀರಿನ ಕ್ಲೋರಿನ್ ಉಪಯುಕ್ತ ಅಣುಜೀವಿಗಳನ್ನು ಕೊಲ್ಲುತ್ತದೆ.

ನೀರಿನ ಉಷ್ಣತೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕು. ಚಳಿಗಾಲದಲ್ಲಿ ತಣ್ಣನೆಯ ನೀರಿನಲ್ಲಿ ಮೀನು ಮಂಕಾಗಿ ಆಹಾರ ಬಿಡುತ್ತದೆ. ಆಗ ತೊಟ್ಟಿಗೆ 25 ವಾಟಿನ ಹೀಟರ್ ಸಾಕಾಗುತ್ತದೆ. ಮೀನು ಹಾರುವುದರಿಂದ ಗಾಳಿಯಾಡುವ ಮುಚ್ಚಳ ಅಗತ್ಯ.

ಆಹಾರ

ಬೆಟ್ಟಾ ಕೀಟಾಹಾರಿ. ಅನ್ನ, ಬ್ರೆಡ್ಡು ಹಾಕಬಾರದು. ಬೆಟ್ಟಾ ಮೀನಿಗಾಗಿಯೇ ತಯಾರಿಸಿದ ಗುಳಿಗೆ ಆಹಾರ, ಶುದ್ಧ ನೀರಿನಲ್ಲಿ ಬೆಳೆದ ಸೊಳ್ಳೆ ಮರಿಗಳು ಸೂಕ್ತ. ದಿನಕ್ಕೆ ಎರಡು ಬಾರಿ, 2 ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಮಾತ್ರ ಕೊಡಬೇಕು. ಉಳಿದುದನ್ನು ಕೂಡಲೇ ತೆಗೆಯಬೇಕು.

ಎಚ್ಚರಿಕೆಗಳು

1. ಒಂದು ತೊಟ್ಟಿಯಲ್ಲಿ ಒಂದೇ ಗಂಡು ಇರಬೇಕು. ಎರಡು ಗಂಡುಗಳು ಗಾಯಗೊಂಡು ಸಾಯುವವರೆಗೂ ಕಾದಾಡಬಹುದು. ಹೆಣ್ಣನ್ನೂ ಜೊತೆಯಲ್ಲಿ ಬಿಡಬಾರದು.

2. ಬೆಳೆಗೆ ಸಿಂಪಡಿಸುವ ಸೈಪರ್‌ಮೆಥ್ರಿನ್‌ನಂತಹ ಕೀಟನಾಶಕಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನನ್ನು ಕೊಲ್ಲುತ್ತವೆ. ಔಷಧಿ ಹೊಡೆದ ಗದ್ದೆಯ ನೀರು, ಸಸ್ಯ ತರಬಾರದು. ಸಿಂಪರಣೆ ಮಾಡಿದವರು ಸ್ನಾನ ಮಾಡದೆ ತೊಟ್ಟಿಗೆ ಕೈ ಹಾಕಬಾರದು.

3. ಸಾಕಲು ಬೇಡವಾದ ಮೀನನ್ನು ಬಾವಿ, ಕೆರೆ, ಹಳ್ಳಗಳಿಗೆ ಬಿಡಬಾರದು. ಹೊರದೇಶದ ಮೀನುಗಳಿಂದ ನಮ್ಮ ಮೀನುಗಳಿಗೆ ರೋಗ ಹಾಗೂ ಪೈಪೋಟಿ ಉಂಟಾಗುವ ಸಂಭವವಿದೆ.

ರೆಕ್ಕೆಗಳ ಅಂಚು ಹರಿಯುವುದು, ಬಣ್ಣ ಮಾಸುವುದು, ಆಹಾರ ಬಿಡುವುದು ಕಂಡುಬಂದರೆ ಔಷಧಿ ಹುಡುಕುವ ಮೊದಲು ನೀರಿನ ಸ್ಥಿತಿಯನ್ನು ಪರೀಕ್ಷಿಸಿ, ಕಾಲು ಭಾಗ ನೀರನ್ನು ಬದಲಿಸಬೇಕು. ಮಣ್ಣಿನ ಆರೋಗ್ಯ ಕಾಪಾಡಿದರೆ ಬೆಳೆ ಉಳಿಯುವಂತೆ, ನೀರಿನ ಆರೋಗ್ಯ ಕಾಪಾಡಿದರೆ ಮೀನು ಉಳಿಯುತ್ತದೆ.