ಹೆಸರಿಗೆ ಬೆಲೆ ಕಟ್ಟುವ ಮುನ್ನ

ಕಂಪ್ಯೂಟರುಗಳು ಒಂದನ್ನೊಂದು ಗುರುತಿಸಿಕೊಳ್ಳುವುದು ಐಪಿ ವಿಳಾಸವೆಂಬ ಅಂಕಿಗಳ ಸಾಲಿನಿಂದ. ಅಂಕಿಗಳು ಮನುಷ್ಯರ ನೆನಪಿಗೆ ಸುಲಭವಾಗಿ ಒಗ್ಗುವುದಿಲ್ಲವಾದ್ದರಿಂದ, ಅವುಗಳ ಬದಲಿಗೆ ಅಕ್ಷರಗಳಲ್ಲಿ ಬರೆಯಬಹುದಾದ ವಿಳಾಸಕ್ಕೆ ಡೊಮೈನ್ ಹೆಸರು ಎನ್ನುತ್ತಾರೆ. ಪಾಲ್ ಮೊಕಪೆಟ್ರಿಸ್ 1983ರಲ್ಲಿ ರೂಪಿಸಿದ ಈ ವ್ಯವಸ್ಥೆಯಲ್ಲಿ ಒಂದು ಹೆಸರು ಜಗತ್ತಿನಲ್ಲೆಲ್ಲ ಒಬ್ಬರ ಕೈಯಲ್ಲಿ ಮಾತ್ರ ಇರಬಲ್ಲದು. ಒಂದೇ ಪೇಟೆಯಲ್ಲಿ ಗಣೇಶ ಭವನವೆಂಬ ಹೆಸರಿನ ನಾಲ್ಕು ಹೋಟೆಲುಗಳು ನೆಮ್ಮದಿಯಿಂದ ನಡೆಯಬಹುದಾದರೂ, ಆ ಹೆಸರಿಗೆ ಡಾಟ್ ಕಾಮ್ ಸೇರಿದ ವಿಳಾಸ ನಾಲ್ಕರಲ್ಲಿ ಒಂದಕ್ಕಷ್ಟೇ ದಕ್ಕುತ್ತದೆ. ಉಳಿದ ಮೂವರಿಗೆ ಅದು ಬೇಕೆನಿಸಿದ ಕ್ಷಣದಿಂದ ಅದಕ್ಕೆ ಬೆಲೆ ಹುಟ್ಟುತ್ತದೆ.

ಮೊದಲ ಡಾಟ್ ಕಾಮ್ ಹೆಸರಾದ ಸಿಂಬಾಲಿಕ್ಸ್ ಡಾಟ್ ಕಾಮ್ 1985ರ ಮಾರ್ಚ್ 15ರಂದು ನೋಂದಣಿಯಾದಾಗ ಇದು ವ್ಯಾಪಾರದ ಸರಕಾಗಬಹುದೆಂಬ ಸೂಚನೆಯೂ ಇರಲಿಲ್ಲ. 1995ರವರೆಗೆ ನೋಂದಣಿಗೆ ಶುಲ್ಕವೇ ಇರಲಿಲ್ಲ. ಎರಡೇ ವರ್ಷಗಳ ನಂತರ, 1997ರಲ್ಲಿ, ಬಿಸಿನೆಸ್ ಡಾಟ್ ಕಾಮ್ ಒಂದೂವರೆ ಲಕ್ಷ ಡಾಲರಿಗೆ ಮಾರಾಟವಾಗಿ, 1999ರಲ್ಲಿ 75 ಲಕ್ಷ ಡಾಲರಿಗೆ ಮತ್ತೆ ಕೈ ಬದಲಾಯಿಸಿತು. ಇಂಥ ಸುದ್ದಿಗಳು ಹೊಸಬರನ್ನು ಈ ಪೇಟೆಗೆ ಸೆಳೆಯುತ್ತವೆಯಾದರೂ, ನೋಂದಣಿಯಾದ ಹೆಸರುಗಳಲ್ಲಿ ಬಹುಪಾಲಿಗೆ ಗಿರಾಕಿಯೇ ಸಿಗುವುದಿಲ್ಲವೆಂಬ ಸಂಗತಿ ಸುದ್ದಿಯಾಗುವುದಿಲ್ಲ. ಗಿರಾಕಿ ಸಿಕ್ಕಾಗಲೂ ಮಾರುವವನ ಬಲವನ್ನು ನಿರ್ಧರಿಸುವುದು ಚೌಕಾಸಿಯ ಮಾತಿನ ಜಾಣ್ಮೆಯಲ್ಲ, ಮಾತು ಆರಂಭವಾಗುವ ಮೊದಲೇ ಇತ್ಯರ್ಥವಾಗಿರಬೇಕಾದ ಹಕ್ಕಿನ ಪ್ರಶ್ನೆ.

ಮಾರುತ್ತಿರುವುದು ಏನನ್ನು?

ಡೊಮೈನ್ ಹೆಸರನ್ನು ಯಾರೂ ಶಾಶ್ವತವಾಗಿ ಕೊಂಡಿರುವುದಿಲ್ಲ. ಡಾಟ್ ಕಾಮ್‌ನಂಥ ಒಂದೊಂದು ವಿಸ್ತರಣೆಗೂ ಅದರ ಮೂಲ ದಾಖಲೆಯನ್ನು ಇಟ್ಟುಕೊಳ್ಳುವ ಒಂದು ರಿಜಿಸ್ಟ್ರಿ ಇರುತ್ತದೆ. ಜನರಿಗೆ ಹೆಸರು ನೋಂದಾಯಿಸಿಕೊಡುವ ಸಂಸ್ಥೆಗಳಿಗೆ ರಿಜಿಸ್ಟ್ರಾರ್ ಎನ್ನುತ್ತಾರೆ. ಒಮ್ಮೆಗೆ ಹೆಚ್ಚೆಂದರೆ 10 ವರ್ಷಗಳ ಅವಧಿಗೆ ಹಣ ಕಟ್ಟಿ, ಅವಧಿ ಮುಗಿಯುವ ಮೊದಲು ನವೀಕರಿಸುತ್ತ ಹೋಗುವವರೆಗೆ ಆ ಹೆಸರನ್ನು ಬಳಸುವ ಹಕ್ಕು ನೋಂದಾಯಿಸಿದವರದು. ಅಂದರೆ ಮಾರಾಟದಲ್ಲಿ ಕೈ ಬದಲಾಗುವುದು ಈ ಬಳಕೆಯ ಹಕ್ಕು. ಜಮೀನಿನ ವ್ಯವಹಾರದಲ್ಲಿ ಪಹಣಿ ನೋಡದೆ ಯಾರೂ ಮುಂಗಡ ಕೊಡುವುದಿಲ್ಲ; ಇಲ್ಲಿಯೂ ದಾಖಲೆಯಲ್ಲಿರುವ ಹೆಸರು, ಇಮೇಲ್ ಮತ್ತು ಅವಧಿ ಮುಗಿಯುವ ದಿನಾಂಕ ಸರಿಯಾಗಿವೆಯೇ ಎಂಬುದನ್ನು ಮಾರುವವನೇ ಮೊದಲು ನೋಡಿಕೊಳ್ಳಬೇಕಾಗುತ್ತದೆ.

ಇದಕ್ಕಿಂತ ಕಠಿಣವಾದುದು ಟ್ರೇಡ್‌ಮಾರ್ಕ್, ಅಂದರೆ ವ್ಯಾಪಾರಚಿಹ್ನೆಯ ಪ್ರಶ್ನೆ. ಡೊಮೈನ್ ವ್ಯವಸ್ಥೆಯ ಮೇಲ್ವಿಚಾರಣೆ ನಡೆಸುವ ಐಕ್ಯಾನ್ ಸಂಸ್ಥೆ 1999ರಲ್ಲಿ ಒಪ್ಪಿದ ವಿವಾದ ಪರಿಹಾರ ನೀತಿಯ ಪ್ರಕಾರ, ಮೂರು ಅಂಶಗಳು ಸಾಬೀತಾದರೆ ಹೆಸರು ದೂರುದಾರರ ಪಾಲಾಗುತ್ತದೆ: ಅದು ಇನ್ನೊಬ್ಬರ ವ್ಯಾಪಾರಚಿಹ್ನೆಯಂತೆಯೇ ಅಥವಾ ಗೊಂದಲ ಹುಟ್ಟಿಸುವಷ್ಟು ಅದರ ಹಾಗೆ ಇರಬೇಕು, ನೋಂದಾಯಿಸಿದವರಿಗೆ ಅದರಲ್ಲಿ ನ್ಯಾಯವಾದ ಆಸಕ್ತಿ ಇರಬಾರದು, ನೋಂದಣಿ ಮತ್ತು ಬಳಕೆ ಎರಡೂ ದುರುದ್ದೇಶದವಾಗಿರಬೇಕು. ನೋಂದಣಿಗೆ ತಗಲಿದ ಖರ್ಚಿಗಿಂತ ಹೆಚ್ಚಿನ ಹಣಕ್ಕೆ ಚಿಹ್ನೆಯ ಒಡೆಯರಿಗೇ ಮಾರುವುದು ಮುಖ್ಯ ಉದ್ದೇಶವಾಗಿದ್ದರೆ ಅದೇ ದುರುದ್ದೇಶದ ಕುರುಹೆಂದು ಈ ನೀತಿ ಹೇಳುತ್ತದೆ. ಇದರಡಿ ಬಂದ ಮೊದಲ ಪ್ರಕರಣದಲ್ಲಿ, ವಿಶ್ವ ಕುಸ್ತಿ ಒಕ್ಕೂಟವೆಂದು ಪ್ರಸಿದ್ಧವಾಗಿದ್ದ ಅಮೆರಿಕದ ಮನರಂಜನಾ ಕಂಪನಿಯ ಹೆಸರನ್ನು ನೋಂದಾಯಿಸಿದ್ದ ವ್ಯಕ್ತಿ, ಅದನ್ನು ಸಾವಿರ ಡಾಲರಿಗೆ ಅದೇ ಕಂಪನಿಗೆ ಮಾರಲು ಹೊರಟಿದ್ದ. 2000ದ ಜನವರಿಯಲ್ಲಿ ಬಂದ ತೀರ್ಪು ಹೆಸರನ್ನು ಕಂಪನಿಗೆ ಒಪ್ಪಿಸಿತು, ಅವನಿಗೆ ಬಿಡಿಗಾಸೂ ಸಿಗಲಿಲ್ಲ.

ಹೊಸಬರಿಗೆ ಇನ್ನೂ ಹತ್ತಿರದ ಪಾಠ ಕೆನಡಾದ 17 ವರ್ಷದ ವಿದ್ಯಾರ್ಥಿಯೊಬ್ಬನದು. ಅವನು 2003ರಲ್ಲಿ ತನ್ನ ಸ್ವಂತ ಹೆಸರಿನ ಕೊನೆಗೆ ಸಾಫ್ಟ್ ಎಂದು ಸೇರಿಸಿ ಡೊಮೈನ್ ಮಾಡಿಕೊಂಡಿದ್ದ. ಗಟ್ಟಿಯಾಗಿ ಓದಿದರೆ ಅದು ಮೈಕ್ರೋಸಾಫ್ಟ್ ಎಂದು ಕೇಳಿಸುತ್ತಿತ್ತು. ಕಂಪನಿಯ ವಕೀಲರು ನೋಂದಣಿಯ ಖರ್ಚಾದ 10 ಡಾಲರ್ ಕೊಡುತ್ತೇವೆಂದರು, ಹುಡುಗ ಸಿಟ್ಟಿನಲ್ಲಿ 10,000 ಡಾಲರ್ ಕೇಳಿದ, ಆ ಬೇಡಿಕೆಯನ್ನೇ ವಕೀಲರು ಅವನ ದುರುದ್ದೇಶಕ್ಕೆ ಪುರಾವೆಯಾಗಿ ಮುಂದಿಟ್ಟರು. ಜನರ ಸಹಾನುಭೂತಿ ಹುಡುಗನ ಕಡೆಗಿದ್ದುದರಿಂದ 2004ರ ಆರಂಭದಲ್ಲಿ ರಾಜಿಯಾಗಿ, ಖರ್ಚಿನ ಹಣ, ಎಕ್ಸ್‌ಬಾಕ್ಸ್ ಆಟದ ಯಂತ್ರ ಮತ್ತಿತರ ಉಡುಗೊರೆಗಳು ಅವನಿಗೆ ಬಂದವು. ಬೇರೆ ಪೇಟೆಗಳಲ್ಲಿ ಹೆಚ್ಚು ಬೆಲೆ ಹೇಳಿದರೆ ಗಿರಾಕಿ ಎದ್ದು ಹೋಗುತ್ತಾನೆ, ಅಷ್ಟೆ. ಇಲ್ಲಿ ಹೇಳಿದ ಬೆಲೆಯೇ ಹೇಳಿದವನ ಮೇಲೆ ಸಾಕ್ಷಿ ನುಡಿಯಬಹುದು.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ ಎಫ್‌ಬಿ ಡಾಟ್ ಕಾಮ್. ಅದು ಅಮೆರಿಕದ ರೈತರ ಸಂಘಟನೆಯಾದ ಫಾರ್ಮ್ ಬ್ಯೂರೊ ಒಕ್ಕೂಟದ ಬಳಿ ಇತ್ತು, ಆ ಎರಡು ಅಕ್ಷರಗಳು ಅದರದೇ ಹೆಸರಿನವು. ಫೇಸ್‌ಬುಕ್ ಅದನ್ನು 2010ರಲ್ಲಿ 85 ಲಕ್ಷ ಡಾಲರ್ ಕೊಟ್ಟು ಕೊಳ್ಳಬೇಕಾಯಿತು. ಎರಡೂ ಸಂದರ್ಭಗಳಲ್ಲಿ ಕೊಳ್ಳುವವರು ದೈತ್ಯ ಕಂಪನಿಗಳೇ. ರೈತರ ಒಕ್ಕೂಟ ಆ ಹೆಸರನ್ನು ತನ್ನದೇ ಕಾರಣಕ್ಕಾಗಿ ಇಟ್ಟುಕೊಂಡಿತ್ತೆಂಬುದನ್ನು ಯಾರೂ ಪ್ರಶ್ನಿಸುವಂತಿರಲಿಲ್ಲ, ಹುಡುಗನ ಪದಚಮತ್ಕಾರಕ್ಕೆ ಆ ರಕ್ಷಣೆ ಇರಲಿಲ್ಲ.

ಭಾರತದಲ್ಲಿ ಈ ವಿಷಯದ ಪ್ರಮುಖ ತೀರ್ಪಿನ ಬೇರು ಬೆಂಗಳೂರಿನಲ್ಲಿದೆ. ಸಿಫಿ ಎಂಬ ತಾನೇ ಟಂಕಿಸಿದ ಪದದಿಂದ ಡೊಮೈನ್‌ಗಳನ್ನು ಮಾಡಿಕೊಂಡಿದ್ದ ಸತ್ಯಂ ಇನ್ಫೋವೇ, ಅದಕ್ಕೆ ತೀರ ಹತ್ತಿರದ ಹೆಸರು ಬಳಸುತ್ತಿದ್ದ ಸಿಫಿನೆಟ್ ಸಲ್ಯೂಷನ್ಸ್ ವಿರುದ್ಧ ಇಲ್ಲಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ ತಾತ್ಕಾಲಿಕ ತಡೆಯಾಜ್ಞೆ ಪಡೆಯಿತು. ಕರ್ನಾಟಕ ಹೈಕೋರ್ಟ್ ಅದನ್ನು ತೆಗೆದುಹಾಕಿತು. 2004ರಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆಯನ್ನು ಮತ್ತೆ ಎತ್ತಿಹಿಡಿದು, ಡೊಮೈನ್ ಹೆಸರು ಕೇವಲ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು, ಆದ್ದರಿಂದ ವ್ಯಾಪಾರಚಿಹ್ನೆಗೆ ಸಿಗುವ ರಕ್ಷಣೆ ಅದಕ್ಕೂ ಸಲ್ಲುತ್ತದೆ ಎಂದಿತು. ಡಾಟ್ ಇನ್ ಹೆಸರುಗಳ ವಿವಾದಕ್ಕೆ ಅವುಗಳ ರಿಜಿಸ್ಟ್ರಿಯನ್ನು ನಡೆಸುವ ನಿಕ್ಸಿ ಸಂಸ್ಥೆಯದೇ ಪ್ರತ್ಯೇಕ ಪಂಚಾಯ್ತಿ ನೀತಿಯಿದೆ.

ಬೆಲೆ ಎಲ್ಲಿಂದ ಬರುತ್ತದೆ?

ಹಕ್ಕು ಖಚಿತವಾದ ಮೇಲೆ ಬೆಲೆಯ ಮಾತು. ಚಿಕ್ಕದಾಗಿರುವ, ಕೇಳಿದೊಡನೆ ತಪ್ಪಿಲ್ಲದೆ ಬರೆಯಬಹುದಾದ, ನಿತ್ಯಬಳಕೆಯ ಪದವಾಗಿರುವ ಹೆಸರಿಗೆ ಬೇಡಿಕೆ ಹೆಚ್ಚು. ಕನ್ನಡ ಪದಗಳನ್ನು ರೋಮನ್ ಲಿಪಿಯಲ್ಲಿ ನೋಂದಾಯಿಸಿದಾಗ ಈ ಎರಡನೆಯ ಗುಣವೇ ತೊಡಕಾಗುತ್ತದೆ: 'ಊಟ' ಎಂಬುದನ್ನು ಎರಡು ಓ ಅಕ್ಷರಗಳಿಂದ ಬರೆಯುವವರೂ ಇದ್ದಾರೆ, ಒಂದೇ ಯು ಅಕ್ಷರದಿಂದ ಬರೆಯುವವರೂ ಇದ್ದಾರೆ, ಒಂದು ರೂಪ ಮಾತ್ರ ಕೈಯಲ್ಲಿರುವ ಮಾರಾಟಗಾರನಿಗೆ, ಕೊಳ್ಳುವವನು ಇನ್ನೊಂದು ರೂಪವನ್ನು ಅಗ್ಗಕ್ಕೆ ಪಡೆಯಬಹುದೆಂಬ ಅರಿವಿರಬೇಕು. ಕನ್ನಡ ಲಿಪಿಯಲ್ಲೇ ಬರೆಯಬಹುದಾದ ಡಾಟ್ ಭಾರತ ವಿಳಾಸಗಳಲ್ಲಿ ಈ ಗೊಂದಲವಿಲ್ಲ, ಆದರೆ ಅಲ್ಲಿ ಕೊಳ್ಳುವವರ ಬಳಗವೂ ಕನ್ನಡ ಓದುವವರಿಗೆ ಸೀಮಿತ.

ರಾಜ್ಯದ ದನಗಳ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವ ರೂಢಿಯಿದೆ. ಪಕ್ಕದಲ್ಲಿ ನಿಂತವನಿಗೂ ಅಂಕಿ ತಿಳಿಯುವುದಿಲ್ಲ. ಡೊಮೈನ್ ಪೇಟೆಯೂ ಬಹುಮಟ್ಟಿಗೆ ಹಾಗೆಯೇ, ಅನೇಕ ಮಾರಾಟಗಳ ಬೆಲೆ ಗೋಪ್ಯವಾಗಿ ಉಳಿಯುತ್ತದೆ. ಬಹಿರಂಗವಾದ ಮಾರಾಟಗಳನ್ನು ನೇಮ್‌ಬಯೊದಂಥ ಜಾಲತಾಣಗಳು ದಾಖಲಿಸಿಡುತ್ತವೆ. ತನ್ನ ಹೆಸರನ್ನು ಹೋಲುವ ಹೆಸರುಗಳು ಎಷ್ಟಕ್ಕೆ ಹೋದವೆಂದು ಅಲ್ಲಿ ನೋಡುವುದು ಮೊದಲ ಹೆಜ್ಜೆ. ಕಂಪ್ಯೂಟರ್ ಕ್ಷಣಾರ್ಧದಲ್ಲಿ ಮಾಡಿಕೊಡುವ ಮೌಲ್ಯಮಾಪನವನ್ನು ಅಂದಾಜೆಂದಷ್ಟೇ ತಿಳಿಯಬೇಕು, ಏಕೆಂದರೆ ಎದುರಿಗಿರುವ ಗಿರಾಕಿಯ ಅಗತ್ಯ ಎಷ್ಟು ತೀವ್ರವೆಂಬುದು ಆ ಲೆಕ್ಕದಲ್ಲಿ ಸೇರುವುದಿಲ್ಲ. ಟೆಸ್ಲಾ ಕಂಪನಿ 2016ರವರೆಗೆ ಟೆಸ್ಲಾ ಮೋಟರ್ಸ್ ಎಂಬ ವಿಳಾಸದಲ್ಲೇ ಕಾರು ಮಾರುತ್ತಿತ್ತು. ಬರಿಯ ಟೆಸ್ಲಾ ಡಾಟ್ ಕಾಮ್ ಪಡೆಯಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಮತ್ತು 1.1 ಕೋಟಿ ಡಾಲರ್ ಬೇಕಾಯಿತೆಂದು ಇಲಾನ್ ಮಸ್ಕ್ 2018ರಲ್ಲಿ ಹೇಳಿದರು. ಕಂಪನಿ ಬೆಳೆಯುತ್ತ ಹೋದಂತೆ ಅದೇ ಹೆಸರಿನ ಅಗತ್ಯವೂ ಬೆಳೆಯುತ್ತದೆ, ಅದರೊಂದಿಗೆ ಬೆಲೆಯೂ.

ಮಾತುಕತೆಯ ಕ್ರಮ

ಸಾಮಾನ್ಯವಾಗಿ ವ್ಯವಹಾರ ಆರಂಭವಾಗುವುದು 'ಈ ಹೆಸರು ಮಾರಾಟಕ್ಕಿದೆಯೇ' ಎಂಬ ಒಂದು ಸಾಲಿನ ಇಮೇಲ್‌ನಿಂದ. ಅದಕ್ಕೆ ಉತ್ತರಿಸುವ ಮೊದಲು ಎರಡು ಅಂಕಿಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು: ಕೇಳುವ ಬೆಲೆ ಒಂದು, ಅದಕ್ಕಿಂತ ಕೆಳಗೆ ಇಳಿಯಲಾಗದ ಬೆಲೆ ಇನ್ನೊಂದು, ಎರಡನೆಯದನ್ನು ಯಾರಿಗೂ ಹೇಳಬಾರದು. ಬರೆದವರು ಯಾರೆಂದು ಇಮೇಲ್ ವಿಳಾಸದಿಂದ ತಿಳಿಯಬಹುದು, ಆದರೆ ದೊಡ್ಡ ಕಂಪನಿಗಳು ತಮ್ಮ ಗುರುತು ಮರೆಸಿ ದಲ್ಲಾಳಿಗಳ ಮೂಲಕ ಕೇಳಿಸುವುದುಂಟು. ಮೊದಲು ಬೆಲೆ ಹೇಳಬೇಕಾದವರು ಯಾರೆಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ: ಹೋಲುವ ಮಾರಾಟಗಳ ಅರಿವಿದ್ದವನು ತಾನೇ ಮೊದಲು ಅಂಕಿ ಹೇಳಿದರೆ ಮುಂದಿನ ಚೌಕಾಸಿ ಆ ಅಂಕಿಯ ಸುತ್ತಲೇ ನಡೆಯುತ್ತದೆ, ಅರಿವಿಲ್ಲದವನು ಗಿರಾಕಿಯ ಬಾಯಿಂದಲೇ ಬೆಲೆ ಬರಲೆಂದು ಕಾಯುವುದು ಕ್ಷೇಮ. ಯಾವ ಸಂದರ್ಭದಲ್ಲೂ ಉತ್ತರ ಚಿಕ್ಕದಾಗಿ, ಸೌಜನ್ಯದಿಂದ ಕೂಡಿರಬೇಕು; ಹಣದ ಅವಸರವನ್ನಾಗಲಿ, ಗಿರಾಕಿಯ ಹೆಸರಾಂತ ಚಿಹ್ನೆಯ ಮೇಲಿನ ಕಣ್ಣನ್ನಾಗಲಿ ತೋರಿಸುವ ಒಂದು ವಾಕ್ಯವೂ ಅದರಲ್ಲಿ ಇರಬಾರದು.

ಅಂತರ ಉಳಿದಾಗ ಬೆಲೆಯ ಬದಲು ಷರತ್ತುಗಳನ್ನು ಸಡಿಲಿಸಬಹುದು: ಕಂತುಗಳಲ್ಲಿ ಪಾವತಿ, ಅಥವಾ ಬಾಡಿಗೆ ಕಟ್ಟುತ್ತ ಕೊನೆಗೆ ಸ್ವಂತ ಮಾಡಿಕೊಳ್ಳುವ ಕರಾರು ಈ ಪೇಟೆಯಲ್ಲಿ ರೂಢಿಯಲ್ಲಿವೆ. ಆದರೆ ಭಾರಿ ಬೆಲೆಗೆ ಒಡನೆ ಒಪ್ಪಿ, ನಿರ್ದಿಷ್ಟ ತಾಣವೊಂದರಿಂದ ಮೌಲ್ಯಮಾಪನದ ಪ್ರಮಾಣಪತ್ರ ಮಾಡಿಸಿ ತರಬೇಕೆಂದು ಹೇಳುವ ಗಿರಾಕಿ ಗಿರಾಕಿಯಲ್ಲ. ಆ ಪ್ರಮಾಣಪತ್ರದ ಶುಲ್ಕ ಕೈ ಸೇರಿದೊಡನೆ ಅವನು ಮಾಯವಾಗುತ್ತಾನೆ.

ಹಸ್ತಾಂತರ

ಒಪ್ಪಂದವಾದ ಮೇಲೂ ಒಂದು ಇಕ್ಕಟ್ಟು ಉಳಿಯುತ್ತದೆ: ಹೆಸರು ಮೊದಲೋ, ಹಣ ಮೊದಲೋ? ಎಂದೂ ಮುಖ ನೋಡದ ಇಬ್ಬರ ನಡುವೆ ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ನಿಜವಾಗುವ ಅಪಾಯ ಎರಡೂ ಕಡೆಗಿದೆ. ಇದಕ್ಕೆ ಪರಿಹಾರ ಎಸ್ಕ್ರೊ, ಅಂದರೆ ಹಣವನ್ನು ಮಧ್ಯಸ್ಥ ಸಂಸ್ಥೆಯೊಂದು ಹಿಡಿದಿಟ್ಟುಕೊಳ್ಳುವ ವ್ಯವಸ್ಥೆ. ಕೊಳ್ಳುವವನು ಹಣವನ್ನು ಆ ಸಂಸ್ಥೆಗೆ ಕಟ್ಟುತ್ತಾನೆ, ಹಣ ಬಂದದ್ದು ಖಚಿತವಾದ ಮೇಲೆ ಮಾರುವವನು ಹೆಸರನ್ನು ವರ್ಗಾಯಿಸುತ್ತಾನೆ, ಕೊಂಡವನು ಹೆಸರು ತನ್ನ ಖಾತೆಗೆ ಬಂತೆಂದು ಒಪ್ಪಿದ ನಂತರ ಹಣ ಬಿಡುಗಡೆಯಾಗುತ್ತದೆ. ಎಸ್ಕ್ರೊ ಸಂಸ್ಥೆಗಳ ಹೆಸರಿನಲ್ಲೇ ನಕಲಿ ತಾಣಗಳಿರುವುದರಿಂದ, ಗಿರಾಕಿ ಕಳಿಸಿದ ಕೊಂಡಿಯನ್ನು ಒತ್ತದೆ ವಿಳಾಸವನ್ನು ತಾನೇ ಬರೆದು ಒಳಹೋಗಬೇಕು. ಎಸ್ಕ್ರೊ ಸಂಸ್ಥೆಯ ಶುಲ್ಕ ಯಾರ ಪಾಲಿನದು, ಮಾರಾಟ ತಾಣದ ಕಮಿಷನ್ ಯಾರ ಪಾಲಿನದು ಎಂಬುದು ಬೆಲೆಯೊಂದಿಗೇ ತೀರ್ಮಾನವಾಗಬೇಕಾದ ಸಂಗತಿ.

ಇಬ್ಬರ ಖಾತೆಯೂ ಒಂದೇ ರಿಜಿಸ್ಟ್ರಾರ್ ಬಳಿ ಇದ್ದರೆ ವರ್ಗಾವಣೆ ಬೇಗ ಮುಗಿಯುತ್ತದೆ. ಬೇರೆಯಾಗಿದ್ದರೆ ಹೆಸರಿನ ಮೇಲಿರುವ ಬೀಗವನ್ನು ತೆಗೆದು, ಆಥ್ ಕೋಡ್ ಎಂಬ ಗುಪ್ತಸಂಕೇತವನ್ನು ಕೊಡಬೇಕಾಗುತ್ತದೆ. ಅದು ಮನೆಯ ಬೀಗದ ಕೈ ಇದ್ದಂತೆ, ಹಣ ಎಸ್ಕ್ರೊ ಸೇರುವ ಮೊದಲು ಯಾರಿಗೂ ಕೊಡತಕ್ಕದ್ದಲ್ಲ. ಹೊಸದಾಗಿ ನೋಂದಣಿಯಾದ ಅಥವಾ ಇತ್ತೀಚೆಗಷ್ಟೇ ವರ್ಗಾವಣೆಯಾದ ಹೆಸರು 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಹೋಗಲಾರದೆಂಬ ನಿರ್ಬಂಧ ಸಾಮಾನ್ಯವಾಗಿರುವುದರಿಂದ, ಅದನ್ನು ಗಿರಾಕಿಗೆ ಮೊದಲೇ ತಿಳಿಸಬೇಕು. ಬಂದ ಹಣ ವ್ಯಾಪಾರದ ಆದಾಯವೋ, ಸ್ವತ್ತು ಮಾರಿದ ಲಾಭವೋ ಎಂಬುದರ ಮೇಲೆ ತೆರಿಗೆ ಬದಲಾಗುವುದರಿಂದ ಆಡಿಟರ್ ಸಲಹೆಯೂ ಅಗತ್ಯ.

ಒಂದು ಡಾಟ್ ಕಾಮ್ ಹೆಸರಿಗೆ ರಿಜಿಸ್ಟ್ರಿ ಪಡೆಯುವ ವಾರ್ಷಿಕ ಸಗಟು ದರ ಸುಮಾರು 10 ಡಾಲರ್. ರಿಜಿಸ್ಟ್ರಾರ್‌ನ ಲಾಭ ಸೇರಿದರೂ ಕಾಯುವುದರ ವೆಚ್ಚ ಹೆಚ್ಚಲ್ಲ. ಉತ್ಪನ್ನ ಬಿಡುಗಡೆಯ ದಿನ ಗೊತ್ತುಮಾಡಿಕೊಂಡ ಗಿರಾಕಿಗೆ ಇಲ್ಲದ ಪುರುಸೊತ್ತನ್ನು ಮಾರುವವನು ಇಷ್ಟು ಅಗ್ಗಕ್ಕೆ ಪಡೆಯುತ್ತಾನೆ. ಆದರೆ ಈ ಪುರುಸೊತ್ತು ಹೆಸರು ನ್ಯಾಯವಾಗಿ ತನ್ನದೆಂಬ ಖಾತರಿ ಇರುವವನಿಗೆ ಮಾತ್ರ ಬಲ. ಖಾತರಿ ಇಲ್ಲದವನಿಗೆ ಪ್ರತಿ ನವೀಕರಣವೂ ವಕೀಲರ ಪತ್ರಕ್ಕಾಗಿ ಕಾಯುವ ಇನ್ನೊಂದು ವರ್ಷ.